ಸೊಟ್ಟಗಾದ ಚಕ್ರವನ್ನು ಸರಿಪಡಿಸಿದ ವಿಲಿಯಂ ಲ್ಯಾಂಬ್ಟನ್

ಮಕ್ಕಳೇ, ಬೆಳಗಾವಿ, ಖಾನಾಪುರ ಅಥವಾ ಲೋಂಡಾ ರೈಲು ನಿಲ್ದಾಣದಲ್ಲಿರುವ ಹಳದಿ ಬಣ್ಣದ ದೊಡ್ಡ ನಾಮಫಲಕವನ್ನು ನೀವು ನೋಡಿರಬಹುದು. ಅಂಥ ಫಲಕಗಳಲ್ಲಿ ಊರಿನ ಹೆಸರಿನ ಜೊತೆಗೆ ಸಣ್ಣ ಅಕ್ಷರಗಳ ಇನ್ನೊಂದು ಸಾಲನ್ನು ಬರೆಯುವ ರೂಢಿಯಿದೆ. ಆ ಸ್ಥಳವು ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದನ್ನು ಅದು ತಿಳಿಸುತ್ತದೆ. ಬೆಳಗಾವಿ ನಗರ ಸುಮಾರು 750 ಮೀಟರ್ ಎತ್ತರದಲ್ಲಿದೆ. ಆದರೆ ಬೆಳಗಾವಿಯಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ. ಕಡಲು ನೋಡಬೇಕೆಂದರೆ ಘಟ್ಟ ಇಳಿದು ಗೋವೆಗೆ ಹೋಗಬೇಕು. ಹಾಗಾದರೆ ಈ ಎತ್ತರವನ್ನು ಅಳೆದವರು ಯಾರು? ಹೇಗೆ ಅಳೆದರು?

ಇದರ ಹಿಂದೆ ನೂರಾರು ಜನರ, ಹತ್ತಾರು ವರ್ಷಗಳ ದುಡಿಮೆ ಇದೆ. ಭಾರತದ ನೆಲವನ್ನು ಕರಾರುವಾಕ್ಕಾಗಿ ಅಳೆಯುವ ಆ ದೊಡ್ಡ ಕೆಲಸ ನಮ್ಮ ಕರ್ನಾಟಕದಲ್ಲಿಯೇ ಆರಂಭವಾಯಿತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದನ್ನು ಆರಂಭಿಸಿದವನು ವಿಲಿಯಂ ಲ್ಯಾಂಬ್ಟನ್. ಈತ ಅಳೆದದ್ದು ಎಷ್ಟು ಮುಖ್ಯವೋ, ಅಳೆಯುವ ಉಪಕರಣಗಳನ್ನು ಜೋಪಾನ ಮಾಡಿದ ರೀತಿಯೂ ಅಷ್ಟೇ ಮುಖ್ಯ. ಆತನ ಕಥೆಯನ್ನು ಈಗ ತಿಳಿಯೋಣ.

ರೈತನ ಮಗ, ಗಣಿತದ ಗೆಳೆಯ

ಲ್ಯಾಂಬ್ಟನ್ ಹುಟ್ಟಿದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ. ಮನೆಯವರು ಸಾಧಾರಣ ಸ್ಥಿತಿಯ ಬೇಸಾಯಗಾರರು. 1781ರಲ್ಲಿ ಸೇನೆ ಸೇರಿದ ಲ್ಯಾಂಬ್ಟನ್ ಅಮೆರಿಕದಲ್ಲಿ ನಡೆಯುತ್ತಿದ್ದ ಯುದ್ಧಕ್ಕೆ ಹೋದ. ಯುದ್ಧ ಮುಗಿದ ಮೇಲೆ ಈಗಿನ ಕೆನಡಾದ ಭಾಗವಾಗಿರುವ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹಲವು ವರ್ಷ ಇದ್ದ. ಅಲ್ಲಿ ಬಿಡುವಿನ ವೇಳೆಯಲ್ಲಿ ಗಣಿತ, ಖಗೋಳ ವಿಜ್ಞಾನ ಮತ್ತು ಭೂಮಿಯನ್ನು ಅಳೆಯುವ ಶಾಸ್ತ್ರವನ್ನು ತಾನೇ ಓದಿ ಕಲಿತ.

ಅಲ್ಲಿಯೇ ಒಂದು ಅವಘಡವೂ ನಡೆಯಿತು. ರಕ್ಷಣೆಯ ಗಾಜಿಲ್ಲದೆ ಸೂರ್ಯಗ್ರಹಣವನ್ನು ನೋಡಿದ್ದರಿಂದ ಅವನ ಒಂದು ಕಣ್ಣಿಗೆ ಹಾನಿಯಾಯಿತು. ನಿಮ್ಮ ಶಿಕ್ಷಕರು ಗ್ರಹಣವನ್ನು ಬರಿಗಣ್ಣಿನಿಂದ ನೋಡಬೇಡಿ ಎಂದು ಹೇಳುವುದು ಸುಮ್ಮನೆ ಅಲ್ಲ.

ಬಳಿಕ ಲ್ಯಾಂಬ್ಟನ್ ತನ್ನ ದಳದೊಂದಿಗೆ ಭಾರತಕ್ಕೆ ಬಂದ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಒಂದು ರಾತ್ರಿ ಬ್ರಿಟಿಷರ ತುಕಡಿಯೊಂದು ಕತ್ತಲಲ್ಲಿ ದಾರಿ ತಪ್ಪಿತು. ಹಿಂದಿರುಗುತ್ತಿದ್ದೇವೆಂದು ತಿಳಿದು ಅದು ಟಿಪ್ಪುವಿನ ಸೈನ್ಯದ ಕಡೆಗೇ ನಡೆಯುತ್ತಿತ್ತು. ನಕ್ಷತ್ರಗಳನ್ನು ನೋಡಿ ದಿಕ್ಕು ತಪ್ಪಿದೆ ಎಂದು ಎಚ್ಚರಿಸಿದವನು ಲ್ಯಾಂಬ್ಟನ್.

ಯುದ್ಧ ಮುಗಿದ ನಂತರ ಆತ ಒಂದು ಯೋಜನೆಯನ್ನು ಮುಂದಿಟ್ಟ. ದಕ್ಷಿಣ ಭಾರತವನ್ನು ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಬಲೆಯಿಂದ ಅಳೆಯಬೇಕು, ಅದರಿಂದ ಭೂಮಿಯ ನಿಜವಾದ ಆಕಾರವನ್ನೂ ತಿಳಿಯಬೇಕು ಎಂಬುದು ಅವನ ಆಸೆ. ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದುದು ಕಂದಾಯಕ್ಕೂ ಸೈನ್ಯದ ಓಡಾಟಕ್ಕೂ ನೆರವಾಗುವ ನಕ್ಷೆ. ಲ್ಯಾಂಬ್ಟನ್ನನಿಗೆ ಬೇಕಿದ್ದುದು ವಿಜ್ಞಾನ. ಎರಡೂ ಕೂಡಿ ಬಂದು ಯೋಜನೆಗೆ ಒಪ್ಪಿಗೆ ಸಿಕ್ಕಿತು.

ನದಿ ದಾಟದೆ ನದಿಯ ಅಗಲ ಅಳೆಯುವುದು ಹೇಗೆ?

ಖಾನಾಪುರದ ಬಳಿ ಮಲಪ್ರಭೆಯ ದಡದಲ್ಲಿ ನೀವು ನಿಂತಿದ್ದೀರಿ ಎಂದುಕೊಳ್ಳಿ. ಆಚೆ ದಡದಲ್ಲಿ ಒಂದು ಮರವಿದೆ. ನದಿಯಲ್ಲಿ ಮಳೆಗಾಲದ ಪ್ರವಾಹ. ಆ ಮರ ಎಷ್ಟು ದೂರದಲ್ಲಿದೆ?

ಈಚೆ ದಡದಲ್ಲಿ ಎರಡು ಗೂಟ ನೆಟ್ಟು ಅವುಗಳ ನಡುವಿನ ದೂರವನ್ನು ಅಳೆಯಿರಿ. ಪ್ರತಿಯೊಂದು ಗೂಟದ ಬಳಿ ನಿಂತು ಮರದ ಕಡೆಗೂ ಇನ್ನೊಂದು ಗೂಟದ ಕಡೆಗೂ ನೋಡಿ, ನಡುವಿನ ಕೋನವನ್ನು ಅಳೆಯಿರಿ. ಈಗ ತ್ರಿಕೋನದ ಒಂದು ಬಾಹು ಮತ್ತು ಎರಡು ಕೋನಗಳು ಗೊತ್ತಾದವು. ಕಾಗದದ ಮೇಲೆ ಸರಿಯಾದ ಪ್ರಮಾಣದಲ್ಲಿ ತ್ರಿಕೋನ ಬರೆದರೆ ಉಳಿದ ಎರಡು ಬಾಹುಗಳೂ ಸಿಗುತ್ತವೆ. ನದಿಗೆ ಇಳಿಯಬೇಕಾಗಿಲ್ಲ!

ಲ್ಯಾಂಬ್ಟನ್ ಮಾಡಿದ್ದು ಇದನ್ನೇ. ಗೂಟಗಳ ನಡುವಿನ ಆ ಮೊದಲ ರೇಖೆಗೆ ಆಧಾರರೇಖೆ ಎಂದು ಹೆಸರು. ಮರದ ಬದಲು ಅವನು ಬೆಟ್ಟದ ತುದಿಗಳನ್ನು ಆರಿಸಿಕೊಂಡ. ಒಂದು ತ್ರಿಕೋನದ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ತ್ರಿಕೋನದ ಪಕ್ಕ ತ್ರಿಕೋನ ಬೆಳೆಯುತ್ತಾ ಹೋಗುತ್ತದೆ. ಆದರೆ ಇಲ್ಲೊಂದು ಅಪಾಯವಿದೆ. ಮೊದಲ ರೇಖೆಯಲ್ಲಿ ತಪ್ಪಾದರೆ ಆ ತಪ್ಪು ಎಲ್ಲ ತ್ರಿಕೋನಗಳಿಗೂ ಹರಡುತ್ತದೆ. ಆದ್ದರಿಂದ ಎಲ್ಲವೂ ನಿಂತಿದ್ದುದು ಅಳತೆಯ ಉಪಕರಣಗಳ ಮೇಲೆ.

ಚೀನಾದಿಂದ ಹಿಂತಿರುಗಿದ ಸರಪಳಿ

ಒಳ್ಳೆಯ ಉಪಕರಣ ಆಗ ಭಾರತದಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಲ್ಯಾಂಬ್ಟನ್ನನಿಗೆ ಅದೃಷ್ಟವಶಾತ್ ಒಂದು ಉಕ್ಕಿನ ಸರಪಳಿ ಕಲ್ಕತ್ತೆಯಲ್ಲಿ ದೊರೆಯಿತು. ಅದನ್ನು ಮಾಡಿದವನು ಲಂಡನ್ನಿನ ಹೆಸರಾಂತ ಕುಶಲಕರ್ಮಿ ರಾಮ್ಸ್‌ಡೆನ್. 1793ರಲ್ಲಿ ಬ್ರಿಟಿಷ್ ರಾಯಭಾರಿ ಮಕಾರ್ಟ್ನಿ ಚೀನಾದ ಚಕ್ರವರ್ತಿಗೆ ಒಯ್ದ ಕಾಣಿಕೆಗಳ ಜೊತೆ ಆ ಸರಪಳಿಯೂ ಹೋಗಿತ್ತು. ಚೀನಾ ಅದನ್ನು ಇಟ್ಟುಕೊಳ್ಳಲಿಲ್ಲ. ರಾಯಭಾರಿಯ ಜೊತೆಗಿದ್ದ ಡಿನ್‌ವಿಡಿ ಎಂಬ ವಿಜ್ಞಾನಿಯ ಕೈಯಲ್ಲಿ ಅದು ಭಾರತಕ್ಕೆ ಬಂದಿತ್ತು.

ಸರಪಳಿಯ ಉದ್ದ 100 ಅಡಿ. ಎರಡೂವರೆ ಅಡಿಯ 40 ಕೊಂಡಿಗಳು. 1800ರ ಅಕ್ಟೋಬರ್ 14ರಂದು ಬೆಂಗಳೂರಿನ ಬಳಿ ಕೃಷ್ಣರಾಜಪುರ ಮತ್ತು ಅಗರದ ನಡುವೆ ಅಳತೆ ಆರಂಭವಾಯಿತು. ಮುಗಿದದ್ದು ಡಿಸೆಂಬರ್ 10ರಂದು. ಅಳೆದದ್ದು ಬರೀ 7.43 ಮೈಲಿ, ಅಂದರೆ ಸುಮಾರು 12 ಕಿಲೋಮೀಟರ್. ನಡೆದರೆ ಮೂರು ಗಂಟೆಯ ದಾರಿಗೆ ಸುಮಾರು ಎರಡು ತಿಂಗಳು!

ಇಷ್ಟು ನಿಧಾನ ಏಕೆ? ಲೆಕ್ಕ ಹಾಕಿ ನೋಡಿ. ಆ ದೂರಕ್ಕೆ ಸರಪಳಿಯನ್ನು ಸುಮಾರು 392 ಸಲ ಹಾಸಬೇಕು. ಪ್ರತಿ ಸಲ ಒಂದೇ ದಿಕ್ಕಿಗೆ ಒಂದು ಮಿಲಿಮೀಟರ್ ತಪ್ಪಿದರೂ ಕೊನೆಗೆ 39 ಸೆಂಟಿಮೀಟರ್ ತಪ್ಪು. ಇನ್ನೊಂದು ಶತ್ರು ಬಿಸಿಲು. ಉಕ್ಕು ಕಾದರೆ ಹಿಗ್ಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿಯ ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. 12 ಕಿಲೋಮೀಟರ್ ಅಳೆಯುವಷ್ಟರಲ್ಲಿ ಆ ತಪ್ಪು ಹೆಚ್ಚು ಕಡಿಮೆ 1.4 ಮೀಟರ್ ಆಗುತ್ತದೆ.

ಆದ್ದರಿಂದ ಸರಪಳಿಯನ್ನು ನೆಲದ ಮೇಲೆ ಎಳೆದಾಡುತ್ತಿರಲಿಲ್ಲ. ಮರದ ಉದ್ದ ಪೆಟ್ಟಿಗೆಗಳಲ್ಲಿ ಅದನ್ನು ನೇರವಾಗಿ ಮಲಗಿಸುತ್ತಿದ್ದರು. ಪೆಟ್ಟಿಗೆಗಳು ಮುಕ್ಕಾಲಿಗಳ ಮೇಲೆ ಸಮಮಟ್ಟದಲ್ಲಿ ನಿಲ್ಲುತ್ತಿದ್ದವು. ಬಿಸಿಲು ಬೀಳದಂತೆ ನೆರಳು ಕಟ್ಟುತ್ತಿದ್ದರು. ಪಕ್ಕದಲ್ಲಿ ಉಷ್ಣತಾಮಾಪಕಗಳನ್ನಿಟ್ಟು ಉಷ್ಣತೆಯನ್ನು ಬರೆದುಕೊಂಡು ಲೆಕ್ಕದಲ್ಲಿ ಹಿಗ್ಗುವಿಕೆಯನ್ನು ಸರಿಹೊಂದಿಸುತ್ತಿದ್ದರು.

ಬಳಸುತ್ತಾ ಹೋದರೆ ಕೊಂಡಿಗಳು ಸವೆದು ಸರಪಳಿ ಉದ್ದವಾಗುತ್ತದೆ. ಇದು ಲ್ಯಾಂಬ್ಟನ್ನನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಇಂಗ್ಲೆಂಡಿನಿಂದ ಇನ್ನೊಂದು ಸರಪಳಿ ತರಿಸಿದ. ಅದು ನೆಲ ಅಳೆಯುವುದಕ್ಕಲ್ಲ, ಮೊದಲ ಸರಪಳಿಯನ್ನು ಹೋಲಿಸಿ ನೋಡುವುದಕ್ಕೆ. ಕೆಲಸದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ಬರೆದುಕೊಳ್ಳುತ್ತಿದ್ದ. ಸರಪಳಿ ಸವೆಯುವುದನ್ನು ತಡೆಯಲಾಗದು. ಆದರೆ ಎಷ್ಟು ಸವೆದಿದೆ ಎಂದು ಗೊತ್ತಿದ್ದರೆ ಸವೆದ ಸರಪಳಿಯಿಂದಲೂ ಸರಿಯಾಗಿ ಅಳೆಯಬಹುದು.

ಅರ್ಧ ಟನ್ನಿನ ಥಿಯೊಡೊಲೈಟ್

ಕೋನಗಳನ್ನು ಅಳೆಯಲು ಥಿಯೊಡೊಲೈಟ್ ಬೇಕು. ಇದೊಂದು ದೂರದರ್ಶಕ. ಡಿಗ್ರಿಗಳನ್ನು ಗುರುತಿಸಿದ ಲೋಹದ ಚಕ್ರದ ಮೇಲೆ ಅದು ತಿರುಗುತ್ತದೆ. ನಿಮ್ಮ ಜ್ಯಾಮಿತಿ ಪೆಟ್ಟಿಗೆಯಲ್ಲಿರುವ ಕೋನಮಾಪಕದ ದೊಡ್ಡಣ್ಣ ಎನ್ನಿ. ಲ್ಯಾಂಬ್ಟನ್ನನಿಗಾಗಿ ಲಂಡನ್ನಿನಲ್ಲಿ ಕ್ಯಾರಿ ಎಂಬಾತ ಮಾಡಿದ ಥಿಯೊಡೊಲೈಟಿನ ಚಕ್ರದ ವ್ಯಾಸ ಮೂರು ಅಡಿ, ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಸೆರೆಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಉಪಕರಣ ಎಂದು ತಿಳಿದ ಅಲ್ಲಿಯ ಫ್ರೆಂಚ್ ಅಧಿಕಾರಿ, ಶತ್ರುಗಳದ್ದಾದರೂ ಅದನ್ನು ಮದರಾಸಿಗೆ ಕಳುಹಿಸಿಕೊಟ್ಟ. 1802ರಲ್ಲಿ ಅದು ಲ್ಯಾಂಬ್ಟನ್ನನ ಕೈ ಸೇರಿತು.

ಅದೇ ವರ್ಷ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆಯ ಅಳತೆ ಆರಂಭವಾಗಿತ್ತು. ಅಲ್ಲಿಂದ ತ್ರಿಕೋನಗಳು ಬೆಂಗಳೂರಿನ ಕಡೆಗೆ ಬೆಳೆದವು. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಇನ್ನೊಂದು ರೇಖೆಯನ್ನು ಸಹಾಯಕ ವಾರನ್ ಸರಪಳಿಯಿಂದ ಅಳೆದ. ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿದ ಉದ್ದಕ್ಕೂ ಸರಪಳಿಯ ಅಳತೆಗೂ ಇದ್ದ ವ್ಯತ್ಯಾಸ 3.7 ಅಂಗುಲ ಮಾತ್ರ! ಒಂದು ಗೇಣಿಗಿಂತಲೂ ಕಡಿಮೆ.

ತಂಜಾವೂರಿನಲ್ಲಿ ನಡೆದ ಅವಘಡ

1808ರಲ್ಲಿ ಸರ್ವೇಕ್ಷಣೆಯ ತಂಡ ತಂಜಾವೂರಿನಲ್ಲಿತ್ತು. ಅಲ್ಲಿಯ ಬಯಲು ಸೀಮೆಯಲ್ಲಿ ಬೆಟ್ಟಗಳಿಲ್ಲ. ದೂರದವರೆಗೆ ಕಾಣಬೇಕೆಂದರೆ ದೊಡ್ಡ ದೇವಾಲಯದ ಗೋಪುರವೇ ಗತಿ. ಥಿಯೊಡೊಲೈಟನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತಿದ್ದರು. ಅದು ಗೋಡೆಗೆ ತಾಗದಂತೆ ಹಿಡಿದಿದ್ದ ಇನ್ನೊಂದು ಹಗ್ಗ ಇದ್ದಕ್ಕಿದ್ದಂತೆ ತುಂಡಾಯಿತು. ಅರ್ಧ ಟನ್ನಿನ ಉಪಕರಣ ಗೋಪುರದ ಕಲ್ಲಿಗೆ ಅಪ್ಪಳಿಸಿತು.

ಪೆಟ್ಟಿಗೆ ಬಿಚ್ಚಿ ನೋಡಿದಾಗ ಚಕ್ರ ಸೊಟ್ಟಗಾಗಿತ್ತು. ಅದರ ಅರಗಳು ಬಾಗಿದ್ದವು. ಡಿಗ್ರಿಯ ಸಣ್ಣ ಸಣ್ಣ ಭಾಗಗಳನ್ನೂ ಓದಬೇಕಾದ ಚಕ್ರ ಅದು. ಹೊಸದು ಬೇಕೆಂದರೆ ಲಂಡನ್ನಿನಿಂದ ಬರಬೇಕು, ಮತ್ತೆ ವರ್ಷಗಟ್ಟಲೆ ಕಾಯಬೇಕು. ಎಲ್ಲ ಕೆಲಸವೂ ಇಲ್ಲಿಗೇ ನಿಲ್ಲುವಂತಿತ್ತು.

ಲ್ಯಾಂಬ್ಟನ್ ಯಾರ ಮೇಲೂ ಕೋಪ ಮಾಡಿಕೊಂಡು ಕುಳಿತುಕೊಳ್ಳಲಿಲ್ಲ. ಒಂದು ಡೇರೆಯೊಳಗೆ ಸೇರಿಕೊಂಡ. ಮುಖ್ಯ ಕುಶಲಕರ್ಮಿಗಳನ್ನು ಬಿಟ್ಟು ಬೇರಾರಿಗೂ ಒಳಗೆ ಪ್ರವೇಶವಿರಲಿಲ್ಲ. ಉಪಕರಣವನ್ನು ಪೂರ್ತಿ ಬಿಚ್ಚಿದ. ದೊಡ್ಡ ಹಲಗೆಯ ಮೇಲೆ ಚಕ್ರದ ಸರಿಯಾದ ಅಳತೆಯ ವೃತ್ತವನ್ನು ಕೊರೆದ. ಬೆಣೆ, ಸ್ಕ್ರೂ ಮತ್ತು ರಾಟೆಗಳಿಂದ ಸೊಟ್ಟಗಾದ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಎಳೆದು ಆ ವೃತ್ತಕ್ಕೆ ಹೊಂದಿಸಿದ. ಬಾಗಿದ ಅರಗಳನ್ನು ಮರದ ಪುಟ್ಟ ಸುತ್ತಿಗೆಗಳಿಂದ ಮೆಲ್ಲಗೆ ತಟ್ಟಿ ನೇರ ಮಾಡಿದ. ಕಬ್ಬಿಣದ ಸುತ್ತಿಗೆಯಾದರೆ ಲೋಹಕ್ಕೆ ಗಾಯವಾಗುತ್ತದೆಯಲ್ಲವೇ? ಆರು ವಾರಗಳ ನಂತರ ಚಕ್ರ ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಬಂತು.

ಉಪಕರಣವನ್ನು ಬಿಚ್ಚಿ ಜೋಡಿಸುವಂತಿದ್ದುದರಿಂದ ಇದು ಸಾಧ್ಯವಾಯಿತು. ಲ್ಯಾಂಬ್ಟನ್ನನಿಗೆ ಅದರ ಒಂದೊಂದು ಭಾಗದ ಕೆಲಸವೂ ಗೊತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ದುರಸ್ತಿ ಸರಿಯಾಗಿದೆಯೇ ಎಂದು ಪರೀಕ್ಷಿಸುವ ದಾರಿಯೂ ಇತ್ತು. ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ನೀವು ಕಲಿತಿದ್ದೀರಿ. ಭೂಮಿ ಗುಂಡಗಿರುವುದರಿಂದ ಅಷ್ಟು ದೊಡ್ಡ ತ್ರಿಕೋನಗಳಲ್ಲಿ ಮೊತ್ತ ಅದಕ್ಕಿಂತ ಒಂದು ಕೂದಲಿನಷ್ಟು ಹೆಚ್ಚು. ಎಷ್ಟು ಹೆಚ್ಚು ಎಂಬುದನ್ನು ಲೆಕ್ಕ ಹಾಕಬಹುದು. ಮೂರು ಬೆಟ್ಟಗಳಲ್ಲಿ ಅಳೆದ ಕೋನಗಳನ್ನು ಕೂಡಿಸಿದಾಗ ಲೆಕ್ಕ ಹೊಂದಿದರೆ ಉಪಕರಣ ನಂಬಿಕೆಗೆ ಯೋಗ್ಯ. ಹೊಂದದಿದ್ದರೆ ಎಲ್ಲೋ ದೋಷವಿದೆ.

ಅದೇ ಥಿಯೊಡೊಲೈಟಿನೊಂದಿಗೆ ಲ್ಯಾಂಬ್ಟನ್ ಮುಂದೆಯೂ ದುಡಿದ. 1815ರ ಹೊತ್ತಿಗೆ ತ್ರಿಕೋನಗಳ ಬಲೆ ಪಶ್ಚಿಮದಲ್ಲಿ ನಮ್ಮ ನೆರೆಯ ಗೋವೆಯಿಂದ ಪೂರ್ವದಲ್ಲಿ ಮಚಲೀಪಟ್ಟಣದವರೆಗೆ ಹರಡಿತ್ತು. 1818ರಲ್ಲಿ ಈ ಕೆಲಸಕ್ಕೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂಬ ಹೆಸರು ಬಂತು. 1823ರ ಜನವರಿ 20ರಂದು, ನಾಗಪುರದ ಕಡೆಗೆ ಹೋಗುತ್ತಿದ್ದಾಗ, ಈಗಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ಲ್ಯಾಂಬ್ಟನ್ ಕೊನೆಯುಸಿರೆಳೆದ. ಆತನ ಸಮಾಧಿ ಅಲ್ಲಿಯೇ ಇದೆ.

ಈ ಕೆಲಸವನ್ನು ಅವನೊಬ್ಬನೇ ಮಾಡಲಿಲ್ಲ. ಸರಪಳಿ ಹಿಡಿದವರು, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ನಿಂತವರು, ಥಿಯೊಡೊಲೈಟನ್ನು ಹೊತ್ತವರು ನಮ್ಮ ನಾಡಿನ ಖಲಾಸಿಗಳು. ಕಾಡಿನ ಜ್ವರಕ್ಕೆ ಅನೇಕರು ಬಲಿಯಾದರು. ಅವರಲ್ಲಿ ಹೆಚ್ಚಿನವರ ಹೆಸರು ಪುಸ್ತಕಗಳಲ್ಲಿಲ್ಲ. ಹೆಸರು ಉಳಿದ ಒಬ್ಬ ಕುಶಲಕರ್ಮಿ ಆರ್ಕಾಟಿನ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್. ಲ್ಯಾಂಬ್ಟನ್ನನ ನಂತರ ಬಂದ ಜಾರ್ಜ್ ಎವರೆಸ್ಟ್‌ನ ಕಾಲದಲ್ಲಿ ಸೂಕ್ಷ್ಮ ಉಪಕರಣಗಳನ್ನು ಸರಿಪಡಿಸಿದ ಈತ, ಸರ್ವೇಕ್ಷಣೆಯ ಉಪಕರಣ ತಯಾರಕನ ಹುದ್ದೆಗೇರಿದ. ಈ ಸರ್ವೇಕ್ಷಣೆಯೇ ಮುಂದೆ ಜಗತ್ತಿನ ಅತಿ ಎತ್ತರದ ಶಿಖರವನ್ನು ಅಳೆಯಿತು. 1856ರಲ್ಲಿ ಪ್ರಕಟವಾದ ಆ ಎತ್ತರ 29,002 ಅಡಿ, ಅಂದರೆ 8,840 ಮೀಟರ್. 2020ರಲ್ಲಿ ಪ್ರಕಟವಾದ ಎತ್ತರ 8,848.86 ಮೀಟರ್. ವ್ಯತ್ಯಾಸ ಎಷ್ಟು ಕಡಿಮೆ ನೋಡಿ! ಸಮುದ್ರ ಮಟ್ಟದಿಂದ ಊರೂರಿನ ಎತ್ತರವನ್ನು ಅಳೆಯುವ ಕೆಲಸವನ್ನೂ ಇದೇ ಸರ್ವೇಕ್ಷಣೆ 1858ರಲ್ಲಿ ಆರಂಭಿಸಿತು.

ನಮ್ಮ ಶಾಲೆಯ ಅಳತೆ ಪೆಟ್ಟಿಗೆ

ಬೆಳಗಾವಿಯ ಉದ್ಯಮಬಾಗದ ಯಂತ್ರಾಗಾರಗಳಲ್ಲಿ ಪ್ರತಿದಿನ ಲೋಹದ ಬಿಡಿಭಾಗಗಳು ತಯಾರಾಗುತ್ತವೆ. ಇಂಥ ಕಡೆಗಳಲ್ಲಿ ಬಳಸುವ ಮೈಕ್ರೊಮೀಟರನ್ನು ಆಗಾಗ ಗೊತ್ತಾದ ಅಳತೆಯ ಉಕ್ಕಿನ ತುಂಡಿನೊಂದಿಗೆ ಹೋಲಿಸಿ ನೋಡುವುದು ಪದ್ಧತಿ. ಲ್ಯಾಂಬ್ಟನ್ನನ ಎರಡನೆಯ ಸರಪಳಿಯ ಪಾಠವೇ ಇದು. ನಮ್ಮ ಶಾಲೆಯಲ್ಲಿಯೂ ಇದು ಸಾಧ್ಯ.

1. ಒಂದು ಒಳ್ಳೆಯ ಉಕ್ಕಿನ ಸ್ಕೇಲನ್ನು ಬೇರೆಯಾಗಿ ಎತ್ತಿಡಿ. ಬೇರೆ ಸ್ಕೇಲು, ಟೇಪುಗಳನ್ನು ಹೋಲಿಸಲು ಮಾತ್ರ ಅದನ್ನು ಬಳಸಿ. ಹೊಸ ಸ್ಕೇಲು ಕೊಳ್ಳುವಾಗ ಗೆರೆಗಳು ಬರೀ ಬಣ್ಣದವೋ, ಲೋಹದಲ್ಲಿ ಕೊರೆದವೋ ನೋಡಿ. ಬಣ್ಣ ಅಳಿಸುತ್ತದೆ, ಕೊರೆದದ್ದು ಉಳಿಯುತ್ತದೆ.

2. ಸ್ಪ್ರಿಂಗ್ ತಕ್ಕಡಿಗೆ ಅದರ ಮಿತಿಗಿಂತ ಹೆಚ್ಚು ಭಾರ ಹಾಕಬೇಡಿ. ಒಮ್ಮೆ ಅತಿಯಾಗಿ ಎಳೆದ ಸ್ಪ್ರಿಂಗ್ ಹಿಂದಿನಂತಾಗುವುದಿಲ್ಲ. ಭಾರವಿಲ್ಲದಾಗ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಪಾತ್ರೆಯ ತೂಕ ಕಳೆದು ಪರೀಕ್ಷಿಸಿ.

3. ಉಷ್ಣತಾಮಾಪಕವನ್ನು ಕರಗುತ್ತಿರುವ ಮಂಜುಗಡ್ಡೆಯ ಪುಡಿಯಲ್ಲಿಡಿ. 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಶಿಕ್ಷಕರು ಕುದಿಯುವ ನೀರಿನ ಆವಿಯಲ್ಲಿಟ್ಟು ತೋರಿಸಲಿ. ಬೆಳಗಾವಿಯಲ್ಲಿ ಅದು 100 ಡಿಗ್ರಿ ತೋರಿಸುವುದಿಲ್ಲ, ಸುಮಾರು 97.5 ಡಿಗ್ರಿ ತೋರಿಸುತ್ತದೆ. ಇದು ದೋಷವಲ್ಲ! ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ. ಇದನ್ನು ತಿಳಿಯದೆ ಸರಿಯಾದ ಉಪಕರಣವನ್ನು ಎಸೆದುಬಿಟ್ಟೀರಿ, ಜೋಕೆ! ಪಾದರಸದ ಬದಲು ಕೆಂಪು ಆಲ್ಕೊಹಾಲಿನ ಮಾಪಕ ಕೊಂಡರೆ ಒಡೆದಾಗ ವಿಷದ ಭಯವಿಲ್ಲ. ಆದರೆ ಅದು 110 ಡಿಗ್ರಿಯವರೆಗೆ ಅಳೆಯುವಂಥದ್ದೇ ಎಂದು ನೋಡಿಕೊಳ್ಳಿ.

4. ಸ್ಟಾಪ್ ವಾಚನ್ನು ಪರೀಕ್ಷಿಸಲು ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡಿ. ಕಟ್ಟಿದ ಜಾಗದಿಂದ ಕಲ್ಲಿನ ಮಧ್ಯದವರೆಗೆ 99 ಸೆಂಟಿಮೀಟರ್ ಇರಲಿ. ಸಣ್ಣದಾಗಿ ತೂಗಿದರೆ 30 ಪೂರ್ಣ ತೂಗಾಟಕ್ಕೆ 60 ಸೆಕೆಂಡು ಆಗಬೇಕು. ಬೇಸಿಗೆ ರಜೆಗೆ ಮುಂಚೆ ಬ್ಯಾಟರಿ ತೆಗೆದಿಡಿ. ಬ್ಯಾಟರಿ ಸೋರಿದರೆ ಒಳಗಿನ ಭಾಗಗಳು ಹಾಳಾಗುತ್ತವೆ.

5. ಕೊಳ್ಳುವ ಮೊದಲು ಕೇಳಿ: ಇದನ್ನು ಬಿಚ್ಚಿ ಸ್ವಚ್ಛಗೊಳಿಸಬಹುದೇ? ಬಿಡಿಭಾಗ ಬೆಳಗಾವಿಯಲ್ಲಿ ಸಿಗುತ್ತದೆಯೇ? ಇದು ಸರಿಯಿದೆಯೇ ಎಂದು ನಾವೇ ಪರೀಕ್ಷಿಸಬಹುದೇ?

6. ಒಂದು ನೋಟ್‌ಪುಸ್ತಕವಿಡಿ. ಪ್ರತಿ ಉಪಕರಣಕ್ಕೆ ಒಂದು ಪುಟ. ಪರೀಕ್ಷಿಸಿದ ದಿನ, ಕಂಡ ದೋಷ, ಮಾಡಿದ ದುರಸ್ತಿ ಬರೆಯಿರಿ. ಒಂದು ಸ್ಕೇಲಿನ ತುದಿ ಒಂದು ಮಿಲಿಮೀಟರ್ ಸವೆದಿದೆ ಎಂದು ಬರೆದಿದ್ದರೆ ಅದನ್ನೂ ಬಳಸಬಹುದು.

ಇದೆಲ್ಲ ಏಕೆ ಬೇಕು? ಮುಳ್ಳು ತಪ್ಪಿದ ತಕ್ಕಡಿಯಲ್ಲಿ ಪ್ರಯೋಗ ಮಾಡಿದ ಹುಡುಗಿಗೆ ಪುಸ್ತಕದ ಉತ್ತರ ಬರುವುದಿಲ್ಲ. ಆಗ ಅವಳು ತಕ್ಕಡಿಯನ್ನು ಅನುಮಾನಿಸುವುದಿಲ್ಲ. ತನಗೇ ವಿಜ್ಞಾನ ಬರುವುದಿಲ್ಲ ಎಂದುಕೊಳ್ಳುತ್ತಾಳೆ. ಇಲ್ಲವೇ ಪುಸ್ತಕದ ಉತ್ತರವನ್ನೇ ನಕಲು ಮಾಡಿ ಬರೆಯುತ್ತಾಳೆ. ಎರಡೂ ವಿಜ್ಞಾನಕ್ಕೆ ನಷ್ಟ.

ಮಾಡಿ ನೋಡಿ: ಹುಲ್ಲಿನ ತೇವಮಾಪಕ

ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು. ಬೀರುವಿನೊಳಗೂ ತೇವ ನುಗ್ಗುತ್ತದೆ. ಉಕ್ಕು ತುಕ್ಕು ಹಿಡಿಯುತ್ತದೆ, ಮಸೂರಗಳಿಗೆ ಬೂಷ್ಟು ಬರುತ್ತದೆ. ಬೀರುವಿನಲ್ಲಿ ತೇವ ಎಷ್ಟಿದೆ ಎಂದು ತಿಳಿಯಲು ಒಂದು ಉಪಾಯವಿದೆ. ಅದನ್ನು ಹೇಳಿಕೊಟ್ಟವನು ಲ್ಯಾಂಬ್ಟನ್ನನ ಸಹಾಯಕ ಹೆನ್ರಿ ಕೇಟರ್. ಮುಂದೆ ಇಂಗ್ಲೆಂಡಿನಲ್ಲಿ ತನ್ನ ಹೆಸರಿನ ಲೋಲಕದಿಂದ ಪ್ರಸಿದ್ಧನಾದ ಈತ, ಮೈಸೂರು ಸೀಮೆಯಲ್ಲಿದ್ದಾಗ ಊಬಿನ ಹುಲ್ಲಿನಿಂದ ತೇವಮಾಪಕವನ್ನು ಮಾಡಿದ್ದ.

ಗುಡ್ಡದಲ್ಲಿ ನಡೆದಾಗ ಬಟ್ಟೆಗೆ ಚುಚ್ಚಿಕೊಳ್ಳುತ್ತದಲ್ಲ, ಅದೇ ಹುಲ್ಲು. ಅದರ ಬೀಜದ ಬಾಲ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ತೇವ ತಾಗಿದರೆ ಹೊಸೆತ ಬಿಚ್ಚುತ್ತದೆ, ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ರಟ್ಟಿನ ಮೇಲೆ ಒಂದು ವೃತ್ತ ಬರೆದು, ಅದರ ನಡುವಿನ ಸಣ್ಣ ರಂಧ್ರದಲ್ಲಿ ಬಾಲದ ದಪ್ಪ ತುದಿಯನ್ನು ಅಂಟಿನಿಂದ ನೆಟ್ಟಗೆ ನಿಲ್ಲಿಸಿ. ಹೊಸೆದ ಭಾಗದ ಮೇಲ್ತುದಿಗೆ ಹಗುರವಾದ ಕಡ್ಡಿಯನ್ನು ಅಡ್ಡಲಾಗಿ ಅಂಟಿಸಿ. ಇದೇ ಮುಳ್ಳು. ಒಣ ಬಿಸಿಲಿನ ದಿನ ಮುಳ್ಳು ನಿಂತ ಜಾಗಕ್ಕೆ ಒಂದು ಗುರುತು ಹಾಕಿ. ಬಳಿಕ ಒದ್ದೆ ಬಟ್ಟೆಯ ಹತ್ತಿರವಿಟ್ಟು ಮುಳ್ಳು ತಿರುಗುವುದನ್ನು ನೋಡಿ. ಅದು ನಿಂತ ಕಡೆ ಇನ್ನೊಂದು ಗುರುತು ಹಾಕಿ.

ಇದನ್ನು ಬೀರುವಿನಲ್ಲಿಡಿ. ಮುಳ್ಳು ತೇವದ ಗುರುತಿನ ಕಡೆ ಸರಿದ ದಿನ ಉಪಕರಣಗಳನ್ನು ಹೊರತೆಗೆದು ಒಣ ಬಟ್ಟೆಯಿಂದ ಒರೆಸಿ. ಉಕ್ಕಿನ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿ. ನೋಟ್‌ಪುಸ್ತಕದಲ್ಲಿ ದಿನಾಂಕ ಬರೆಯುವುದನ್ನು ಮಾತ್ರ ಮರೆಯಬೇಡಿ.